ಕರಗುವ ಇಂಪ್ಲಾಂಟ್‌ಗೆ ಯಾವ ಲೋಹ? ಮೆಗ್ನೀಸಿಯಂ, ಸತು, ಕಬ್ಬಿಣಗಳ ನಡುವೆ ಆಯ್ಕೆ

ಮುರಿದ ಮೂಳೆ ಕೂಡಿಕೊಳ್ಳಲು ಹೆಚ್ಚಿನ ಸಂದರ್ಭಗಳಲ್ಲಿ ಮೂರರಿಂದ ಆರು ತಿಂಗಳು ಸಾಕು. ಅದನ್ನು ಹಿಡಿದಿಟ್ಟಿದ್ದ ಟೈಟಾನಿಯಂ ಸ್ಕ್ರೂ ಮಾತ್ರ, ಯಾರೂ ತೆಗೆಯದಿದ್ದರೆ, ಜೀವಮಾನವಿಡೀ ಅಲ್ಲೇ ಉಳಿಯುತ್ತದೆ. ಬೆಳೆಯುವ ಮಕ್ಕಳಲ್ಲಿ ಅದನ್ನು ತೆಗೆಯಲೆಂದೇ ಹಲವು ಬಾರಿ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಹೃದಯದ ರಕ್ತನಾಳಕ್ಕೆ ಹಾಕಿದ ಸ್ಟೆಂಟ್ ವಿಷಯದಲ್ಲಿ ತೆಗೆಯುವ ಮಾತೇ ಇಲ್ಲ. ನಾಳ ಗುಣವಾದ ಮೇಲೂ ಆ ಲೋಹದ ಬಲೆ ಅದನ್ನು ಸಹಜವಾಗಿ ಹಿಗ್ಗಿ ಕುಗ್ಗಲು ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ತಾನಾಗಿ ಕರಗಿಹೋಗುವ ಲೋಹಕ್ಕಾಗಿ ಹುಡುಕಾಟ ನಡೆದಿರುವುದು ಈ ಕಾರಣಕ್ಕೆ.

ಈ ಹುಡುಕಾಟದಲ್ಲಿ ಗಂಭೀರವಾಗಿ ಉಳಿದಿರುವ ಅಭ್ಯರ್ಥಿಗಳು ಮೂರು: ಮೆಗ್ನೀಸಿಯಂ, ಸತು, ಕಬ್ಬಿಣ. ಮೂರೂ ದೇಹಕ್ಕೆ ಬೇಕಾದ ಖನಿಜಗಳೇ ಆದ್ದರಿಂದ ಮೂರೂ ಸುರಕ್ಷಿತ ಎಂದು ಹೇಳಿ ಮುಂದೆ ಹೋಗುವ ಲೇಖನಗಳು ಬೇಕಾದಷ್ಟಿವೆ. ಆ ವಾದ ಅರ್ಧ ಮಾತ್ರ ಸರಿ. ಯಾವ ಲೋಹ ಒಳ್ಳೆಯದು ಎಂದು ಕೇಳುವುದಕ್ಕಿಂತ ಮೊದಲು ಮೂರು ವಿಷಯ ಇತ್ಯರ್ಥವಾಗಬೇಕು. ಇಂಪ್ಲಾಂಟ್ ಎಷ್ಟು ತಿಂಗಳು ಭಾರ ಹೊರಬೇಕು? ಆಮೇಲೆ ಎಷ್ಟು ಕಾಲದೊಳಗೆ ಹೋಗಬೇಕು? ಹೋಗುವಾಗ ಸುತ್ತಲಿನ ಅಂಗಾಂಶದಲ್ಲಿ ಏನನ್ನು ಬಿಟ್ಟು ಹೋಗುತ್ತದೆ? ನನ್ನ ಪ್ರಕಾರ ಆಯ್ಕೆ ನಡೆಯಬೇಕಾದದ್ದು ಈ ವೇಳಾಪಟ್ಟಿಯ ಮೇಲೆ; ಬಲ, ಬೆಲೆ, ತಯಾರಿಕೆಯ ಸುಲಭ ಎಲ್ಲವೂ ಅದರ ನಂತರ.

ಮೊದಲು ನಾಲ್ಕು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

| ಗುಣ | ಮೆಗ್ನೀಸಿಯಂ | ಸತು | ಕಬ್ಬಿಣ |
|---|---|---|---|
| ಸಾಂದ್ರತೆ (ಗ್ರಾಂ/ಘನ ಸೆಂ.ಮೀ.) | 1.74 | 7.14 | 7.87 |
| ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಬಿಗಿತದ ಅಳತೆ (ಗಿಗಾಪ್ಯಾಸ್ಕಲ್) | ಸುಮಾರು 45 | ಸುಮಾರು 100 | ಸುಮಾರು 210 |
| ಕರಗುವ ಬಿಂದು, ಅಂದರೆ ಬಿಸಿಗೆ ದ್ರವವಾಗುವ ತಾಪಮಾನ (ಡಿಗ್ರಿ ಸೆಲ್ಸಿಯಸ್) | 650 | 420 | 1538 |
| ಪ್ರಮಾಣಿತ ವಿದ್ಯುದಗ್ರ ವಿಭವ (ವೋಲ್ಟ್) | −2.37 | −0.76 | −0.44 |

ಗಟ್ಟಿ ಮೂಳೆಯ ಸ್ಥಿತಿಸ್ಥಾಪಕ ಗುಣಾಂಕ 10ರಿಂದ 30 ಗಿಗಾಪ್ಯಾಸ್ಕಲ್. ಹೆಚ್ಚು ಬಳಕೆಯಲ್ಲಿರುವ ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110. ಇಂಪ್ಲಾಂಟ್ ಮೂಳೆಗಿಂತ ತೀರಾ ಬಿಗಿಯಾಗಿದ್ದರೆ ಭಾರವನ್ನೆಲ್ಲ ತಾನೇ ಹೊತ್ತುಕೊಳ್ಳುತ್ತದೆ; ಕೆಲಸವಿಲ್ಲದ ಮೂಳೆ ಸೊರಗುತ್ತದೆ. ಮೂಳೆಗೆ ಅತಿ ಹತ್ತಿರ ಇರುವುದು ಮೆಗ್ನೀಸಿಯಂ ಎನ್ನುವುದು ಪಟ್ಟಿಯಿಂದಲೇ ಕಾಣುತ್ತದೆ. ಆದರೆ ಕೊನೆಯ ಸಾಲನ್ನೂ ನೋಡಿ: ವಿಭವ ಎಷ್ಟು ಋಣವೋ ಲೋಹಕ್ಕೆ ಕರಗುವ ಆತುರ ಅಷ್ಟು. ಮೆಗ್ನೀಸಿಯಂ ನೀರಿನ ಜೊತೆಗೇ ಜಗಳಕ್ಕಿಳಿಯುತ್ತದೆ. ಸತು ಮತ್ತು ಕಬ್ಬಿಣ ದೇಹದ್ರವದಲ್ಲಿ ಮುಖ್ಯವಾಗಿ ಕರಗಿದ ಆಮ್ಲಜನಕವನ್ನು ಕಾಯುತ್ತವೆ.

ಮೆಗ್ನೀಸಿಯಂ: ಮೂಳೆಗೆ ಮೊದಲ ಆಯ್ಕೆ, ಆದರೆ ಯಾವ ಮೆಗ್ನೀಸಿಯಂ?

ಇದೇನೂ ಹೊಸ ಕಲ್ಪನೆ ಅಲ್ಲ. 1878ರಲ್ಲೇ ಎಡ್ವರ್ಡ್ ಹ್ಯೂಸ್ ಎಂಬ ವೈದ್ಯ ರಕ್ತಸ್ರಾವ ನಿಲ್ಲಿಸಲು ಮೆಗ್ನೀಸಿಯಂ ತಂತಿಯಿಂದ ರಕ್ತನಾಳ ಕಟ್ಟಿದ್ದ. ಬೆಲ್ಜಿಯಂನ ಶಸ್ತ್ರಚಿಕಿತ್ಸಕ ಆಲ್ಬಿನ್ ಲ್ಯಾಂಬೊಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಲಿನ ಮುರಿತಕ್ಕೆ ಮೆಗ್ನೀಸಿಯಂ ಪ್ಲೇಟ್ ಇಟ್ಟು, ಅದನ್ನು ಚಿನ್ನದ ಲೇಪವಿದ್ದ ಉಕ್ಕಿನ ಮೊಳೆಗಳಿಂದ ಬಿಗಿದ. ಎಂಟೇ ದಿನಗಳಲ್ಲಿ ಪ್ಲೇಟ್ ಚೂರುಚೂರಾಯಿತು. ಚರ್ಮದ ಕೆಳಗೆ ಅನಿಲ ತುಂಬಿಕೊಂಡಿತು. ಎರಡು ಭಿನ್ನ ಲೋಹಗಳನ್ನು ಉಪ್ಪುನೀರಿನಲ್ಲಿ ಒಟ್ಟಿಗಿಟ್ಟರೆ ಅದೊಂದು ಬ್ಯಾಟರಿ, ಅದರಲ್ಲಿ ಕರಗುವ ತುದಿ ಮೆಗ್ನೀಸಿಯಂ. ಈ ಪಾಠ ಇವತ್ತಿಗೂ ಹಳೆಯದಾಗಿಲ್ಲ. ಟೈಟಾನಿಯಂ ಪ್ಲೇಟ್‌ಗೆ ಮೆಗ್ನೀಸಿಯಂ ಸ್ಕ್ರೂ ಹಾಕುವ ವಿನ್ಯಾಸ ಎಷ್ಟೇ ಆಕರ್ಷಕವಾಗಿ ಕಂಡರೂ ಕಾಗದದ ಮೇಲೇ ಹರಿದುಹಾಕಿ.

ಅನಿಲದ ಲೆಕ್ಕ ಸರಳ. ಒಂದು ಗ್ರಾಂ ಮೆಗ್ನೀಸಿಯಂ ಪೂರ್ತಿ ಕರಗಿದರೆ ಸುಮಾರು ಒಂದು ಲೀಟರ್ ಜಲಜನಕ. 2.7 ಮಿ.ಮೀ. ವ್ಯಾಸ, 20 ಮಿ.ಮೀ. ಉದ್ದದ ಒಂದು ಸ್ಕ್ರೂವನ್ನು ಸಿಲಿಂಡರ್ ಎಂದು ಭಾವಿಸಿದರೆ ತೂಕ 0.2 ಗ್ರಾಂ, ಅನಿಲ 200 ಮಿಲಿಲೀಟರ್. ಒಂದು ವರ್ಷಕ್ಕೆ ಹಂಚಿದರೆ ದಿನಕ್ಕೆ ಅರ್ಧ ಮಿಲಿಲೀಟರ್ ಚಿಲ್ಲರೆ. ರಕ್ತ ಹರಿಯುವ ಅಂಗಾಂಶ ಇದನ್ನು ಸಾಗಿಸಿಬಿಡುತ್ತದೆ. ಅದೇ ಸ್ಕ್ರೂ ಒಂದು ತಿಂಗಳಲ್ಲಿ ಕರಗಿದರೆ ದಿನಕ್ಕೆ ಆರೇಳು ಮಿಲಿಲೀಟರ್, ಆಗ ಗುಳ್ಳೆ ಕಟ್ಟುತ್ತದೆ. ಲೋಹದ ಪ್ರಮಾಣದ ಬಗ್ಗೆ ಮಾತ್ರ ಚಿಂತೆ ಬೇಡ: 200 ಮಿಲಿಗ್ರಾಂ ಎಂದರೆ ವಯಸ್ಕರಿಗೆ ಒಂದು ದಿನಕ್ಕೆ ಬೇಕಾದ 300–400 ಮಿಲಿಗ್ರಾಂಗಿಂತಲೂ ಕಡಿಮೆ.

ಸಂಶೋಧನಾ ಪ್ರಬಂಧಗಳಲ್ಲಿ ದಿನಕ್ಕೆ ಪ್ರತಿ ಚದರ ಸೆಂ.ಮೀ.ಗೆ 0.01 ಮಿಲಿಲೀಟರ್ ಜಲಜನಕವೇ ಸಹಿಸಬಹುದಾದ ಮಿತಿ ಎಂಬ ಅಂಕಿ ಪದೇಪದೇ ಎದುರಾಗುತ್ತದೆ. ಅದನ್ನು ಅಕ್ಷರಶಃ ಪಾಲಿಸಿದರೆ ಮೇಲಿನ ಸ್ಕ್ರೂ ಮಾಯವಾಗಲು ದಶಕಗಳೇ ಬೇಕು; ಹಾಗಾದರೆ ಅದನ್ನು ಕರಗುವ ಇಂಪ್ಲಾಂಟ್ ಎಂದು ಕರೆಯುವುದಾದರೂ ಹೇಗೆ? ಚಿಕಿತ್ಸೆಯಲ್ಲಿರುವ ಸ್ಕ್ರೂಗಳು ಇದಕ್ಕಿಂತ ಬಹಳ ವೇಗವಾಗಿಯೇ ಕರಗುತ್ತವೆ. ಮೊದಲ ಕೆಲವು ತಿಂಗಳ ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತ ಕಪ್ಪು ವಲಯವೊಂದು ಕಾಣುವುದು ಸಾಮಾನ್ಯ. ಗೊತ್ತಿಲ್ಲದವರು ಅದನ್ನು ಸೋಂಕು ಎಂದೋ ಸ್ಕ್ರೂ ಸಡಿಲವಾಗಿದೆ ಎಂದೋ ಓದಿಕೊಳ್ಳುತ್ತಾರೆ. ಮುಂದಿನ ತಿಂಗಳುಗಳಲ್ಲಿ ಬಹುಪಾಲು ಪ್ರಕರಣಗಳಲ್ಲಿ ಅದು ಮೂಳೆಯಿಂದ ತುಂಬಿಕೊಳ್ಳುತ್ತದೆ.

ಇನ್ನು ಮಿಶ್ರಲೋಹದ ಕುಟುಂಬಗಳು. ನಿಜವಾದ ಆಯ್ಕೆ ನಡೆಯುವುದು ಇಲ್ಲೇ.

ಅಲ್ಯೂಮಿನಿಯಂ ಬೆರೆಸಿದ ಎಝಡ್31, ಎಝಡ್91 ಸುಲಭವಾಗಿ ಸಿಗುತ್ತವೆ, ಎರಕಕ್ಕೆ ಚೆನ್ನ, ಬಲವೂ ಇದೆ. ಆರಂಭದ ಪ್ರಾಣಿ ಪ್ರಯೋಗಗಳಲ್ಲಿ ಇವೇ ಹೆಚ್ಚು ಬಳಕೆಯಾದವು. ಆದರೆ ಇವು ಕೈಗಾರಿಕೆಗಾಗಿ ಹುಟ್ಟಿದವು, ಮತ್ತು ಅಲ್ಯೂಮಿನಿಯಂಗೆ ನರಮಂಡಲದ ಮೇಲೆ ದುಷ್ಪರಿಣಾಮದ ಹೆಸರಿದೆ. ಲೇಪನದ ತಂತ್ರವೊಂದನ್ನು ಪರೀಕ್ಷಿಸಲು ಅಗ್ಗದ ತಳಪಾಯವಾಗಿ ಬಳಸಿ, ಇಂಪ್ಲಾಂಟ್ ಆಗಿ ಮುಂದೊಯ್ಯಬೇಡಿ.

ವಿರಳ ಭೂಧಾತುಗಳನ್ನು (ಯಟ್ರಿಯಂನಂತಹ ‘ರೇರ್ ಅರ್ತ್’ ಲೋಹಗಳನ್ನು) ಬೆರೆಸಿದ ಗುಂಪಿನಲ್ಲಿ ಮುಂದಾಳು ಡಬ್ಲ್ಯುಇ43. ಇದರಲ್ಲಿ ಸುಮಾರು 4% ಯಟ್ರಿಯಂ, 3% ಇತರ ವಿರಳ ಧಾತುಗಳು, ಜೊತೆಗೆ ಜಿರ್ಕೋನಿಯಂ. ಕರಗುವ ವೇಗ ಹತೋಟಿಯಲ್ಲಿರುತ್ತದೆ, ಬಲ ಚೆನ್ನಾಗಿದೆ. ಜರ್ಮನಿಯ ಸಿಂಟೆಲಿಕ್ಸ್ ಕಂಪನಿಯ ಮ್ಯಾಗ್ನೆಜಿಕ್ಸ್ ಸ್ಕ್ರೂ 2013ರಲ್ಲಿ ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಮಾನ್ಯತೆ ಪಡೆದದ್ದು ಇದೇ ಬಗೆಯ ಮಿಶ್ರಲೋಹದಿಂದ. ಮನುಷ್ಯರಲ್ಲಿ ಬಳಸಿದ ಅನುಭವ ಬೇಕೆನ್ನುವವರಿಗೆ ಇದು ಭದ್ರವಾದ ದಾರಿ. ನನ್ನ ತಕರಾರು ಒಂದೇ: ಮೆಗ್ನೀಸಿಯಂ ಹೋದ ಮೇಲೂ ಯಟ್ರಿಯಂ ಅದೇ ಜಾಗದಲ್ಲಿ ಸಂಯುಕ್ತವಾಗಿ ಉಳಿದುಕೊಳ್ಳುತ್ತದೆ, ದೇಹಕ್ಕೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಬೆಳೆಯುವ ಮಗುವಿಗೆ ಹಾಕುವಾಗ ಇದು ಸಣ್ಣ ಮಾತಲ್ಲ.

ಹಾಗಾಗಿಯೇ ನಾನು ಹೊಸ ಯೋಜನೆಗೆ ಮೆಗ್ನೀಸಿಯಂ–ಸತು–ಕ್ಯಾಲ್ಸಿಯಂ ಕುಟುಂಬದ ಕಡೆ ವಾಲುತ್ತೇನೆ. ಮೂರೂ ದೇಹ ಬಲ್ಲ ಧಾತುಗಳು. ಕೊರಿಯಾದಲ್ಲಿ 5% ಕ್ಯಾಲ್ಸಿಯಂ, 1% ಸತು ಇರುವ ಸ್ಕ್ರೂವನ್ನು ಕೈಮೂಳೆಯ ಮುರಿತಕ್ಕೆ ಬಳಸಿ, ಒಂದು ವರ್ಷದೊಳಗೆ ಅದರ ಜಾಗವನ್ನು ಮೂಳೆ ಆಕ್ರಮಿಸಿದ್ದನ್ನು 2016ರಲ್ಲಿ ವರದಿ ಮಾಡಿದರು. ಫಿನ್ಲೆಂಡ್‌ನ ಬಯೋರೆಟೆಕ್ ಕಂಪನಿಯ ಇದೇ ಕುಟುಂಬದ ಸ್ಕ್ರೂಗೆ 2023ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ಸಿಕ್ಕಿತು. ಇಲ್ಲಿಯ ಕುಶಲತೆ ಅಡಗಿರುವುದು ಪ್ರಮಾಣದಲ್ಲಿ. ಘನಸ್ಥಿತಿಯಲ್ಲಿ ಮೆಗ್ನೀಸಿಯಂ ಹೆಚ್ಚೆಂದರೆ 1.34% ಕ್ಯಾಲ್ಸಿಯಂ ಅನ್ನು ಒಳಗೆ ಸೇರಿಸಿಕೊಳ್ಳಬಲ್ಲದು, ದೇಹದ ತಾಪಮಾನದಲ್ಲಂತೂ ತೀರಾ ಕಡಿಮೆ. ಮಿಕ್ಕಿದ್ದು ಲೋಹದ ಸೂಕ್ಷ್ಮ ಹರಳುಕಣಗಳ ಅಂಚಿನಲ್ಲಿ ಮೆಗ್ನೀಸಿಯಂಗಿಂತಲೂ ಬೇಗ ಕರಗುವ ಸಂಯುಕ್ತವಾಗಿ ಕೂರುತ್ತದೆ. ಸತುವಿನ ಪಾಲು ಹೆಚ್ಚಾದರೆ ತದ್ವಿರುದ್ಧ: ಮೂರು ಲೋಹಗಳ ಸಂಯುಕ್ತ ರೂಪುಗೊಂಡು, ಅದು ಉಳಿದು ಸುತ್ತಲಿನ ಮೆಗ್ನೀಸಿಯಂ ಕರಗುತ್ತದೆ. ಹೀಗಾಗಿ ಎರಡನ್ನೂ ಅರ್ಧ ಶೇಕಡದ ಆಸುಪಾಸಿಗೆ ಇಳಿಸಿ, ಅಚ್ಚಿನ ರಂಧ್ರದ ಮೂಲಕ ಹೊರದಬ್ಬುವ ವಿಧಾನದಿಂದ ಕಣಗಳನ್ನು ಸಣ್ಣಗೆ ಮಾಡಿ ಬಲ ಪಡೆಯುವ ಝಡ್‌ಎಕ್ಸ್00 ತರಹದ ಬಡಕಲು ಮಿಶ್ರಲೋಹಗಳು ನನಗೆ ಹೆಚ್ಚು ಭರವಸೆ ಮೂಡಿಸುತ್ತವೆ.

ಯಾವ ಕುಟುಂಬ ಆರಿಸಿದರೂ ಶುದ್ಧತೆಯನ್ನು ಮರೆತರೆ ಎಲ್ಲವೂ ವ್ಯರ್ಥ. ಕಬ್ಬಿಣದ ಅಂಶ ಎರಕದ ಶುದ್ಧ ಮೆಗ್ನೀಸಿಯಂನಲ್ಲಿ ಹತ್ತು ಲಕ್ಷಕ್ಕೆ ಸುಮಾರು 170 ಭಾಗ ಮೀರಿದರೆ ಸವೆತ ಹಠಾತ್ತನೆ ಏರುತ್ತದೆ. ಶಾಖ ಸಂಸ್ಕರಣೆಯ ನಂತರ ಈ ಮಿತಿ ಇನ್ನೂ ಬಹಳ ಕೆಳಗಿಳಿಯುತ್ತದೆ. ನಿಕ್ಕಲ್ ಮತ್ತು ತಾಮ್ರ ಕೂಡ ಹೀಗೇ ಕಾಡುತ್ತವೆ. ಎರಡು ಪ್ರಯೋಗಾಲಯಗಳು ಒಂದೇ ಹೆಸರಿನ ಮಿಶ್ರಲೋಹಕ್ಕೆ ಹತ್ತು ಪಟ್ಟು ಭಿನ್ನ ವೇಗ ವರದಿ ಮಾಡಿದ್ದರೆ ನಾನು ಮೊದಲು ನೋಡುವುದು ಕಚ್ಚಾ ಲೋಹದ ವಿಶ್ಲೇಷಣಾ ಪತ್ರವನ್ನು. ಉಕ್ಕಿನ ಮೂಸೆಯಲ್ಲಿ ಕರಗಿಸಿದ್ದೇ ಕಾರಣವಾಗಿರುವುದುಂಟು.

ಸತು: ವೇಗ ಸರಿ, ಮೈ ಮೃದು

ಸತು ಈ ಪಟ್ಟಿಗೆ ತಡವಾಗಿ ಬಂದದ್ದು. 2013ರಲ್ಲಿ ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದ ಬೊವೆನ್, ಡ್ರೆಲಿಚ್, ಗೋಲ್ಡ್‌ಮನ್ ಅವರು ಇಲಿಗಳ ಮಹಾಪಧಮನಿಯಲ್ಲಿ ಶುದ್ಧ ಸತುವಿನ ತಂತಿ ಇಟ್ಟು, ಅದು ಸ್ಟೆಂಟ್‌ಗೆ ಒಪ್ಪುವ ವೇಗದಲ್ಲಿ ಸವೆಯುವುದನ್ನು ತೋರಿಸಿದ ಮೇಲೆ ಎಲ್ಲರ ಗಮನ ಅತ್ತ ಹರಿಯಿತು. ಮೆಗ್ನೀಸಿಯಂನಂತೆ ಅನಿಲದ ಗುಳ್ಳೆಗಳ ಕಾಟವಿಲ್ಲ, ಕಬ್ಬಿಣದಷ್ಟು ನಿಧಾನವೂ ಅಲ್ಲ.

ಕಾಗದದ ಮೇಲೆ ಇದು ಆದರ್ಶ ಮಧ್ಯಮ ಮಾರ್ಗ. ತೊಂದರೆ ಇರುವುದು ಬಲದಲ್ಲಿ. ಎರಕದ ಶುದ್ಧ ಸತು ತೀರಾ ದುರ್ಬಲ ಮತ್ತು ಪೆಡಸು, ಸ್ಟೆಂಟ್‌ಗೆ ಬೇಕಾದ 300 ಮೆಗಾಪ್ಯಾಸ್ಕಲ್ ಬಲದ ಹತ್ತಿರಕ್ಕೂ ಬರುವುದಿಲ್ಲ. ಲಿಥಿಯಂ, ಮೆಗ್ನೀಸಿಯಂ, ಮ್ಯಾಂಗನೀಸ್ ಅಲ್ಪ ಪ್ರಮಾಣದಲ್ಲಿ ಸೇರಿಸಿ ಈ ಕೊರತೆ ನೀಗಿಸಬಹುದು. ಸತು–ಲಿಥಿಯಂ ಆಧಾರಿತ ಕೆಲವು ಮಿಶ್ರಲೋಹಗಳು 500 ಮೆಗಾಪ್ಯಾಸ್ಕಲ್ ದಾಟಿವೆ. ಆದರೆ ಮೇಲಿನ ಪಟ್ಟಿಯ ಕರಗುವ ಬಿಂದುವನ್ನು ಮತ್ತೊಮ್ಮೆ ಗಮನಿಸಿ. ಕೆಲ್ವಿನ್ ಅಳತೆಯಲ್ಲಿ ದೇಹದ 37 ಡಿಗ್ರಿ ಎಂದರೆ ಸತುವಿನ ಕರಗುವ ಬಿಂದುವಿನ 45%. ಕಬ್ಬಿಣಕ್ಕೆ ಅದು 17% ಮಾತ್ರ. ಅಂದರೆ ಸತುವಿಗೆ ದೇಹವೇ ಒಂದು ಬಿಸಿ ಒಲೆ: ಹೊರೆ ಬಿದ್ದಂತೆ ನಿಧಾನವಾಗಿ ಜಾರುತ್ತದೆ, ಸುಮ್ಮನೆ ಕಪಾಟಿನಲ್ಲಿಟ್ಟರೂ ತಿಂಗಳುಗಳಲ್ಲಿ ಗುಣ ಬದಲಾಗುತ್ತದೆ. ತಯಾರಾದ ವಾರ ಅಳೆದ ಬಲವನ್ನು ಪ್ರಕಟಿಸಿ ಕೈತೊಳೆದುಕೊಳ್ಳುವ ವರದಿಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಇನ್ನೊಂದು ಲೆಕ್ಕ. ಅದೇ ಅಳತೆಯ ಸ್ಕ್ರೂ ಸತುವಿನದಾದರೆ 0.8 ಗ್ರಾಂ ತೂಗುತ್ತದೆ. ಇಡೀ ದೇಹದಲ್ಲಿರುವ ಸತು ಸುಮಾರು ಎರಡು ಗ್ರಾಂ, ದಿನದ ಅಗತ್ಯ ಹತ್ತು ಮಿಲಿಗ್ರಾಂ ಆಸುಪಾಸು. ಎರಡು ವರ್ಷಗಳಲ್ಲಿ ಕರಗಿದರೆ ದಿನಕ್ಕೆ ಒಂದು ಮಿಲಿಗ್ರಾಂ ಚಿಲ್ಲರೆ, ದೇಹ ತಡೆದುಕೊಳ್ಳುತ್ತದೆ. ಆದರೆ ಸ್ಕ್ರೂವಿಗೆ ತಾಗಿಕೊಂಡಿರುವ ಜೀವಕೋಶಗಳಿಗೆ ದೇಹದ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಸತುವಿನ ಅಯಾನು ಸ್ವಲ್ಪ ಹೆಚ್ಚಾದರೂ ಅವುಗಳಿಗೆ ವಿಷ. ಕೆಲವೇ ಹತ್ತು ಮಿಲಿಗ್ರಾಂ ತೂಗುವ ಸ್ಟೆಂಟ್, ಹೊಲಿಗೆ ತಂತಿ, ಸ್ಟೇಪಲ್‌ಗಳಿಗೆ ಸತು ಚೆನ್ನ. ದಪ್ಪ ಮೂಳೆ ಸ್ಕ್ರೂಗಳಿಗೆ ನಾನು ಕೈಚಾಚುವುದಿಲ್ಲ.

ಕಬ್ಬಿಣ: ಬಲ ಬೇಕಾದಷ್ಟು, ಹೊರಡುವ ಮನಸ್ಸಿಲ್ಲ

ಜರ್ಮನಿಯ ಪೊಯಿಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಮೊಲಗಳಲ್ಲಿ ಕಬ್ಬಿಣದ ಸ್ಟೆಂಟ್ ಇಟ್ಟ ಪ್ರಯೋಗ ಪ್ರಕಟಿಸಿದರು. ರಕ್ತ ಹೆಪ್ಪುಗಟ್ಟಲಿಲ್ಲ, ವಿಷಕಾರಿ ಲಕ್ಷಣ ಕಾಣಲಿಲ್ಲ. ಹಂದಿಗಳಲ್ಲಿ ನಡೆಸಿದ ಮುಂದಿನ ಪ್ರಯೋಗದಲ್ಲಿ ಮಾತ್ರ ಒಂದು ವರ್ಷವಾದರೂ ಸ್ಟೆಂಟ್‌ನ ದೊಡ್ಡ ಭಾಗ ಹಾಗೇ ಉಳಿದಿತ್ತು. ಮೇಲಾಗಿ ಕಬ್ಬಿಣದ ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ, ಬೇಗ ಕರಗುವುದೂ ಇಲ್ಲ. ಲೋಹ ಹೋಯಿತು ಎಂದರೆ ಇಂಪ್ಲಾಂಟ್ ಹೋಯಿತು ಎಂದಲ್ಲ ಎಂಬುದು ಇಲ್ಲಿ ಎದ್ದು ಕಾಣುತ್ತದೆ.

ವೇಗ ಹೆಚ್ಚಿಸಲು ಎರಡು ದಾರಿಗಳಿವೆ. ಮ್ಯಾಂಗನೀಸ್ ಅನ್ನು 30–35% ಬೆರೆಸಿದರೆ ಸವೆತ ತ್ವರೆಗೊಳ್ಳುತ್ತದೆ, ಕಾಂತೀಯ ಗುಣವೂ ಅಡಗಿ ಎಂಆರ್‌ಐ ಚಿತ್ರ ಕೆಡುವುದಿಲ್ಲ. ಕೆನಡಾದ ಲಾವಲ್ ವಿಶ್ವವಿದ್ಯಾಲಯದಲ್ಲಿ ಹರ್ಮಾವನ್ ಮತ್ತು ಮಂಟೋವಾನಿ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅತಿಯಾದ ಮ್ಯಾಂಗನೀಸ್ ಮೆದುಳಿಗೆ ಒಳ್ಳೆಯದಲ್ಲ ಎಂಬುದನ್ನು ಮರೆಯದೆ, ಇದನ್ನು ಸಣ್ಣ ಸಾಧನಗಳಿಗೆ ಸೀಮಿತಗೊಳಿಸುವುದು ಮೇಲು. ಎರಡನೆಯ ದಾರಿ ಚೀನಾದ ಲೈಫ್‌ಟೆಕ್ ಕಂಪನಿಯದು, ಮತ್ತು ನನಗೆ ಇದು ಈ ಕ್ಷೇತ್ರದ ಅತಿ ಜಾಣ ವಿನ್ಯಾಸಗಳಲ್ಲೊಂದು ಎನಿಸುತ್ತದೆ. ಸಾರಜನಕ ಸೇರಿಸಿ ಬಲ ಹೆಚ್ಚಿಸಿದ ಕಬ್ಬಿಣದಿಂದ 100 ಮೈಕ್ರೋಮೀಟರ್‌ಗಿಂತ ತೆಳುವಾದ ಎಳೆಗಳ ಸ್ಟೆಂಟ್ ಮಾಡುತ್ತಾರೆ. ಅದರ ಮೇಲೆ ತೆಳು ಸತುವಿನ ಪದರ, ಅದರ ಮೇಲೆ ಔಷಧ ತುಂಬಿದ ಪಾಲಿಲ್ಯಾಕ್ಟೈಡ್ (ದೇಹದಲ್ಲಿ ಕರಗುವ ಒಂದು ಪಾಲಿಮರ್) ಲೇಪ. ಮೊದಲ ತಿಂಗಳುಗಳಲ್ಲಿ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಸತು ಮುಗಿಯುವ ಹೊತ್ತಿಗೆ ಪಾಲಿಮರ್ ಒಡೆದು ಹುಟ್ಟುವ ಆಮ್ಲ ಕಬ್ಬಿಣದ ಸವೆತಕ್ಕೆ ಚುರುಕು ಮುಟ್ಟಿಸುತ್ತದೆ. ವೇಳಾಪಟ್ಟಿಯನ್ನೇ ಪದರಪದರವಾಗಿ ಕಟ್ಟಿದ ಹಾಗೆ.

ಲೋಹವೇ ಏಕೆ, ಪಾಲಿಮರ್ ಸಾಲದೇ ಎನ್ನುವವರಿಗೆ ಒಂದು ಉದಾಹರಣೆ ಸಾಕು. ಅಬಾಟ್ ಕಂಪನಿಯ ಅಬ್ಸಾರ್ಬ್ ಎಂಬ ಪಾಲಿಲ್ಯಾಕ್ಟೈಡ್ ಸ್ಟೆಂಟ್‌ಗೆ 2016ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು, 2017ರಲ್ಲಿ ಮಾರಾಟವೇ ನಿಂತಿತು. ಬಲ ಕಡಿಮೆಯಾದ್ದರಿಂದ ಎಳೆಗಳು 150 ಮೈಕ್ರೋಮೀಟರ್‌ನಷ್ಟು ದಪ್ಪ ಇರಬೇಕಾಯಿತು. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಲೋಹದ ಸ್ಟೆಂಟ್‌ಗಳಿಗಿಂತ ಹೆಚ್ಚಿದವು. 2016ರಲ್ಲಿ ಸಿಇ ಮಾನ್ಯತೆ ಪಡೆದ ಬಯೋಟ್ರಾನಿಕ್ ಕಂಪನಿಯ ಮೆಗ್ನೀಸಿಯಂ ಸ್ಟೆಂಟ್ ಮ್ಯಾಗ್ಮಾರಿಸ್‌ನ ಎಳೆಯೂ ಅಷ್ಟೇ ದಪ್ಪ ಎಂಬುದನ್ನೂ ಹೇಳಬೇಕು. ಆದರೆ ಅದು ಸುಮಾರು ಒಂದು ವರ್ಷದಲ್ಲಿ ಕರಗುತ್ತದೆ, ಪಾಲಿಮರ್ ಸ್ಟೆಂಟ್ ಮೂರು ವರ್ಷ ಕಾಯಿಸುತ್ತದೆ. ಎಕ್ಸ್‌ರೇಯಲ್ಲಿ ಮೆಗ್ನೀಸಿಯಂ ಸರಿಯಾಗಿ ಕಾಣದ ಕಾರಣ ಎರಡೂ ತುದಿಗಳಲ್ಲಿ ಟ್ಯಾಂಟಲಂ ಗುರುತು ಇಡಬೇಕಾಯಿತು. ಕಬ್ಬಿಣ ಮತ್ತು ಸತುವಿನಲ್ಲಿ ಗೋಚರತೆ ಇದಕ್ಕಿಂತ ಮೇಲು.

ಪರೀಕ್ಷೆಯ ಅಂಕಿಗಳನ್ನು ಹೋಲಿಸುವ ಮುನ್ನ

ಎರಡು ಮಿಶ್ರಲೋಹಗಳ ಸವೆತದ ವೇಗವನ್ನು ಹೋಲಿಸುವಾಗ ಅವು ಒಂದೇ ದ್ರವದಲ್ಲಿ ಮುಳುಗಿದ್ದವೇ ಎಂದು ಮೊದಲು ನೋಡಿ. ಬರೀ 0.9% ಉಪ್ಪುನೀರು ಮೆಗ್ನೀಸಿಯಂ ಮೇಲೆ ಕ್ರೂರ. ಟ್ರಿಸ್, ಹೆಪೆಸ್‌ನಂತಹ ಬಫರ್‌ಗಳು (ದ್ರವದ ಆಮ್ಲೀಯತೆಯನ್ನು ಸ್ಥಿರವಾಗಿಡುವ ರಾಸಾಯನಿಕಗಳು) ರಕ್ಷಕ ಪದರ ಕಟ್ಟದಂತೆ ತಡೆದು ವೇಗ ಹೆಚ್ಚಿಸುತ್ತವೆ. ಕೋಶ ಬೆಳೆಸುವ ದ್ರವವನ್ನು 37 ಡಿಗ್ರಿಯಲ್ಲಿ, 5% ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿಟ್ಟು ನಡೆಸಿದ ಪರೀಕ್ಷೆ ದೇಹಕ್ಕೆ ಇನ್ನಷ್ಟು ಹತ್ತಿರ. ಹಾಗಿದ್ದೂ ದೇಹದೊಳಗಿನ ವೇಗ ಪ್ರಯೋಗಾಲಯದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆ, ಕೆಲವೊಮ್ಮೆ ಐದು ಪಟ್ಟು ಕಡಿಮೆ.

ಅಳೆಯುವ ವಿಧಾನವೂ ಮುಖ್ಯ. ಮಾದರಿಯ ಮೇಲೆ ಆಲಿಕೆಯನ್ನು ಬೋರಲು ಹಾಕಿ, ಏಳುವ ಗುಳ್ಳೆಗಳನ್ನು ತಲೆಕೆಳಗಾದ ಬ್ಯುರೆಟ್‌ನಲ್ಲಿ ಹಿಡಿಯುವುದು ಅಗ್ಗದ, ದಿನದಿನದ ಲೆಕ್ಕ ಕೊಡುವ ವಿಧಾನ; ಆದರೆ ನಿಧಾನವಾಗಿ ಕರಗುವ ಲೋಹದಲ್ಲಿ ಜಲಜನಕದ ಒಂದು ಪಾಲು ದ್ರವದಲ್ಲೇ ಲೀನವಾಗಿ ಅಥವಾ ರಬ್ಬರ್ ಕೊಳವೆಯಿಂದ ಸೋರಿ ಲೆಕ್ಕ ತಪ್ಪಿಸುತ್ತದೆ. ತೂಕ ಕಳೆಯುವ ವಿಧಾನದಲ್ಲಿ ಮಾದರಿಯನ್ನು ಕ್ರೋಮಿಕ್ ಆಮ್ಲದಲ್ಲಿ ತೊಳೆದು, ಬಿಳಿ ಪದರವೆಲ್ಲ ಹೋಗಿ ಹೊಳೆಯುವ ಲೋಹ ಕಂಡ ಮೇಲೆ ತೂಗಬೇಕು. ಎಲೆಕ್ಟ್ರೋಕೆಮಿಕಲ್ ಅಳತೆ ಮಾತ್ರ ಕೊಟ್ಟಿರುವ ವರದಿಯ ಮೇಲೆ ಆಯ್ಕೆ ನಿರ್ಧರಿಸಬೇಡಿ. ಅದು ಆ ಕ್ಷಣದ ಚಿತ್ರ, ಆರು ತಿಂಗಳದ್ದಲ್ಲ. ಎಎಸ್‌ಟಿಎಂ ಎಫ್3268 ಮತ್ತು ಐಎಸ್‌ಒ/ಟಿಎಸ್ 20721 ಈ ಲೋಹಗಳಿಗಾಗಿಯೇ ಬರೆದ ಮಾರ್ಗಸೂಚಿಗಳು.

ಸರಾಸರಿ ವೇಗಕ್ಕಿಂತ ಸವೆತದ ಆಕಾರ ಮುಖ್ಯ. ಮೇಲಿನ 2.7 ಮಿ.ಮೀ. ಸ್ಕ್ರೂವಿನ ಮೇಲ್ಮೈಯಿಂದ ಎಲ್ಲೆಡೆ ಸಮವಾಗಿ 0.2 ಮಿ.ಮೀ. ಹೋದರೆ ಅಡ್ಡಕೊಯ್ತದ ವಿಸ್ತೀರ್ಣ 27% ಇಳಿಯುತ್ತದೆ, ಬಾಗುವಿಕೆಯನ್ನು ತಡೆಯುವ ಬಲ ಸುಮಾರು 38%. ಅದೇ ಲೋಹ ಒಂದೇ ಕುಳಿಯಾಗಿ ಹೋದರೆ ತೂಕದ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ, ಸ್ಕ್ರೂ ಮಾತ್ರ ಅಲ್ಲೇ ಮುರಿಯುತ್ತದೆ.

ಹಾಗಾದರೆ ಯಾವುದಕ್ಕೆ ಯಾವುದು?

ಕೈಕಾಲಿನ ಸಣ್ಣ ಮೂಳೆಗಳು, ಪಾದದ ಹೆಬ್ಬೆರಳಿನ ತಿದ್ದುಪಡಿ, ಮಕ್ಕಳ ಪಾದದ ಗಂಟಿನ ಮುರಿತ: ಮೆಗ್ನೀಸಿಯಂ, ಅದರಲ್ಲೂ ವಿರಳ ಧಾತುಗಳಿಲ್ಲದ್ದು. ಮುಖದ ಮೂಳೆಯ ತೆಳು ಪ್ಲೇಟ್‌ಗೂ ಮೆಗ್ನೀಸಿಯಂ ಸರಿ, ಆದರೆ ತೆಳುವಾದ ಕಾರಣ ಬೇಗ ಬಲ ಕಳೆದುಕೊಳ್ಳುತ್ತದೆ. ಪ್ಲಾಸ್ಮಾ ವಿದ್ಯುದ್ವಿಭಜನೆಯ (ದ್ರವದಲ್ಲಿ ಅಧಿಕ ವೋಲ್ಟೇಜ್ ಕೊಟ್ಟು ಲೋಹದ ಮೈಮೇಲೆ ಬೆಳೆಸುವ) ಸೆರಾಮಿಕ್ ಲೇಪ ಇಲ್ಲಿ ಐಚ್ಛಿಕವಲ್ಲ, ಅನಿವಾರ್ಯ. ಹೃದಯದ ಸ್ಟೆಂಟ್‌ನಲ್ಲಿ ಮಾರುಕಟ್ಟೆ ತಲುಪಿ ಅನುಭವ ಗಳಿಸಿರುವುದು ಮೆಗ್ನೀಸಿಯಂ. ತೆಳು ಎಳೆಯೇ ಮುಖ್ಯವಾದರೆ ಕಬ್ಬಿಣ. ಐದಾರು ವರ್ಷಗಳ ಸಂಶೋಧನೆಗೆ ಸಮಯವಿದ್ದರೆ ಸತು. ಕರುಳಿನ ಸ್ಟೇಪಲ್ ಮತ್ತು ಹೊಲಿಗೆಗಳಲ್ಲಿ ಸತುವಿಗೆ ಸ್ಪರ್ಧಿಗಳು ಕಡಿಮೆ.

ಮೆಗ್ನೀಸಿಯಂ ಆರಿಸಿದವರು ಕ್ರಿಮಿಶುದ್ಧೀಕರಣದ ಬಗ್ಗೆ ವಿನ್ಯಾಸದ ಹಂತದಲ್ಲೇ ಯೋಚಿಸಬೇಕು. ಆಸ್ಪತ್ರೆಯ ಆಟೋಕ್ಲೇವ್‌ನ ಬಿಸಿ ಹಬೆ ಸ್ಕ್ರೂವನ್ನು ರೋಗಿಯ ಮೈ ಸೇರುವ ಮುನ್ನವೇ ಕೊರೆಯಲು ಶುರು ಮಾಡುತ್ತದೆ, ಹಾಗಾಗಿ ಗಾಮಾ ವಿಕಿರಣ ಮತ್ತು ತೇವ ಹೊಗದ ಪೊಟ್ಟಣ ಬೇಕು. ತೆರೆದು ಬಳಸದೆ ಉಳಿದದ್ದನ್ನು ಮತ್ತೆ ಶುದ್ಧೀಕರಿಸಿ ಇಡುವಂತಿಲ್ಲ.

ದೇಹದ ಪೂರ್ಣ ಭಾರ ಹೊರುವ ತೊಡೆಮೂಳೆ ಅಥವಾ ಮೊಣಕಾಲ ಕೆಳಗಿನ ಮೂಳೆಯ ನಡುಭಾಗದ ಮುರಿತಕ್ಕೆ ಮೂರರಲ್ಲಿ ಯಾವುದನ್ನೂ ನಾನು ಸದ್ಯಕ್ಕೆ ಸೂಚಿಸುವುದಿಲ್ಲ. ಅಲ್ಲಿ ಟೈಟಾನಿಯಂ ಸರಳೇ ಇರಲಿ.